ಎಂಟು ತಿಂಗಳ ಕೂಸು ಉಳಿಯುವುದಿಲ್ಲವೇ?

ಉತ್ತರ ಕರ್ನಾಟಕದ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ, ನವಜಾತ ಶಿಶುಗಳ ಘಟಕದಲ್ಲಿ ನಾನು ನರ್ಸ್. ಬಾಣಂತಿಯರ ತಾಯಂದಿರು, ಅತ್ತೆಯಂದಿರು, ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರು ಕೂಡ ಕೇಳುವ ಪ್ರಶ್ನೆ ಒಂದೇ: ‘ಏಳು ತಿಂಗಳಿಗೆ ಹುಟ್ಟಿದ ಕೂಸು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲವಂತೆ. ನಿಜವೇ ಸಿಸ್ಟರ್?’

ನಿಜವಲ್ಲ. ಹೊಟ್ಟೆಯಲ್ಲಿ ಒಂದೊಂದು ವಾರ ಹೆಚ್ಚಿದಂತೆ ಕೂಸಿಗೆ ಬಲ ಕೂಡುತ್ತದೆ. ಉಸಿರು ಬಿಟ್ಟಾಗ ಶ್ವಾಸಕೋಶದ ಗೂಡುಗಳು ಅಂಟಿಕೊಳ್ಳದಂತೆ ಕಾಯುವ ಸರ್ಫ್ಯಾಕ್ಟಂಟ್ ಎಂಬ ಜಿಡ್ಡು ಸಾಕಷ್ಟು ತಯಾರಾಗುವುದೇ 34-35 ವಾರದ ಹೊತ್ತಿಗೆ. ಮೈ ಬೆಚ್ಚಗಿಡುವ ಕೊಬ್ಬು ಸೇರುವುದು, ಚೀಪಿ ನುಂಗಲು ಬರುವುದು ಕೂಡ ಕೊನೆಯ ವಾರಗಳಲ್ಲೇ. 37 ವಾರ ತುಂಬದೆ ಹುಟ್ಟಿದ್ದೆಲ್ಲ ದಿನ ತುಂಬದ ಕೂಸೇ, ಆದರೆ ಎಂಟರ ಕೂಸು ಏಳರದ್ದಕ್ಕಿಂತ ಗಟ್ಟಿ.

ಮಾತು ಮಾತ್ರ ಬಹಳ ಹಳೆಯದು. ಎಂಟನೇ ತಿಂಗಳಲ್ಲಿ ಓಜಸ್ಸು ತಾಯಿಗೂ ಮಗುವಿಗೂ ನಡುವೆ ಓಡಾಡುತ್ತಿರುತ್ತದೆ, ಆಗ ಹೆರಿಗೆಯಾದರೆ ಅಪಾಯ ಎಂದು ಆಯುರ್ವೇದದ ಪ್ರಾಚೀನ ಗ್ರಂಥಗಳು ಹೇಳುತ್ತವೆ. ಹಳೆಯ ಗ್ರೀಕ್ ವೈದ್ಯರೂ ಎಂಟು ತಿಂಗಳ ಮಗುವಿನ ಬಗ್ಗೆ ಇದನ್ನೇ ನಂಬಿದ್ದರು. ಇದರ ಮೇಲೆ ನಮ್ಮ ಎಣಿಕೆಯ ಗೊಂದಲ ಬೇರೆ. ‘ಎಂಟರಲ್ಲಿ ಬಿದ್ದಿದೆ’ ಎಂದರೂ ಎಂಟು, ‘ಎಂಟು ತುಂಬಿದೆ’ ಎಂದರೂ ಎಂಟು. ಎರಡಕ್ಕೂ ನಾಲ್ಕು ವಾರಗಳ ಅಂತರ. ಆ ನಾಲ್ಕು ವಾರದಲ್ಲಿ ಕೂಸಿನ ಹಣೆಬರಹವೇ ಬದಲಾಗುತ್ತದೆ. ಅದಕ್ಕೇ ತಾಯಿ ಕಾರ್ಡಿನಲ್ಲಿ ಕೊನೆಯ ಮುಟ್ಟಿನ ದಿನ ಬರೆಯದಿದ್ದರೆ ನಾನು ಹಬ್ಬ ಹುಣ್ಣಿಮೆ ಹಿಡಿದು ಕೇಳುತ್ತೇನೆ.

ಕಳೆದ ಮುಂಗಾರಿನಲ್ಲಿ ಒಬ್ಬ ಹುಡುಗಿ ಹಾಗೆಯೇ ಲೆಕ್ಕ ಕೊಟ್ಟಿದ್ದಳು: ‘ಸೀಗೆ ಹುಣ್ಣಿಮೆಯಾದ ಮೂರನೇ ದಿನಕ್ಕೆ ಮುಟ್ಟಾಗಿದ್ದೆ.’ ಎಣಿಸಿದರೆ 33 ವಾರ. ಚೊಚ್ಚಲ ಹೆರಿಗೆ, ಕುಬಸ ಮುಗಿಸಿಕೊಂಡು ತವರಿಗೆ ಬಂದಿದ್ದಳು. ಸಂಜೆಯಿಂದ ನೀರು ಹೋಗುತ್ತಿತ್ತು. ಮನೆಯವರು ಬೆಳಗಿನ ತನಕ ಕಾದರು. ‘ಎಂಟು ತಿಂಗಳದ್ದಲ್ಲವೇ, ಓಡಾಡಿ ಏನು ಮಾಡುವುದು’ ಎಂದು ಆಕೆಯ ತಾಯಿ ನನಗೇ ಹೇಳಿದರು.

ಈ ನಂಬಿಕೆಯ ಮೇಲೆ ನನಗೆ ಸಿಟ್ಟು ಬರುವುದು ಇಲ್ಲಿಯೇ. 34 ವಾರದೊಳಗೆ ಹೆರಿಗೆಯಾಗುವ ಸೂಚನೆ ಕಂಡರೆ ಬಸುರಿಗೆ ಡೆಕ್ಸಾಮೆಥಸೋನ್ ಇಂಜೆಕ್ಷನ್ ಕೊಡುತ್ತಾರೆ: ಹನ್ನೆರಡು ತಾಸಿಗೊಂದರಂತೆ ನಾಲ್ಕು. ಕೆಲವೇ ರೂಪಾಯಿಯ ಔಷಧ, ಕೂಸಿನ ಶ್ವಾಸಕೋಶವನ್ನು ಬೇಗ ಹದಗೊಳಿಸುತ್ತದೆ. ಆದರೆ ಅದಕ್ಕೆ ಸಮಯ ಬೇಕು. ಈ ಹುಡುಗಿಗೆ ಸಿಕ್ಕಿದ್ದು ಒಂದೇ ಇಂಜೆಕ್ಷನ್. ಆ ರಾತ್ರಿಯೇ 108ಕ್ಕೆ ಕರೆ ಮಾಡಿದ್ದರೆ ಎರಡನೆಯದೂ ಸಿಗುತ್ತಿತ್ತು.

ಕೂಸು 1,600 ಗ್ರಾಂ. ಹೊದಿಸಲು ಕುಲಾವಿ ಕೇಳಿದರೆ ಅಜ್ಜಿ ತಂದೇ ಇರಲಿಲ್ಲ, ತರುವ ಮನಸ್ಸೂ ಅವರಿಗಿರಲಿಲ್ಲ. ನಮ್ಮಲ್ಲಿದ್ದ ಟೋಪಿ ಹಾಕಿದೆವು. ಉಸಿರಾಟಕ್ಕೆ ಮೊದಲ ಎರಡು ದಿನ ಯಂತ್ರದ ಆಸರೆ ಬೇಕಾಯಿತು. ಗಿಣ್ಣು ಹಾಲನ್ನು ಹಿಂಡಿ ಮೊದಲು ನಳಿಕೆಯಲ್ಲಿ, ಆಮೇಲೆ ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಕೊಟ್ಟೆವು. ತಾಯಿ ಅದನ್ನು ಎದೆಗೆ ಹಚ್ಚಿಕೊಂಡು ಗಂಟೆಗಟ್ಟಲೆ ಕೂರುತ್ತಿದ್ದಳು. 1978ರಲ್ಲಿ ಕೊಲಂಬಿಯಾದ ಬೊಗೊಟಾದ ವೈದ್ಯರು ಇನ್‌ಕ್ಯುಬೇಟರ್ ಸಾಲದೆ ಶುರು ಮಾಡಿದ ಕಾಂಗರೂ ಆರೈಕೆ ಇದು. ಹುಟ್ಟಿದ ಕೂಡಲೇ ಹೀಗೆ ಆರೈಕೆ ಮಾಡಿದರೆ ಸಾವು ಇನ್ನಷ್ಟು ತಗ್ಗುತ್ತದೆ ಎಂದು 2021ರಲ್ಲಿ ಪ್ರಕಟವಾದ, ಭಾರತವೂ ಸೇರಿ ಐದು ದೇಶಗಳ ಅಧ್ಯಯನ ತೋರಿಸಿತು.

ನಾಲ್ಕನೇ ದಿನ ತೂಕ 1,480ಕ್ಕೆ ಇಳಿಯಿತು. ಮೊದಲ ದಿನಗಳಲ್ಲಿ ಇಳಿಯುವುದು ಸಹಜ ಎಂದರೂ ಅಜ್ಜಿಯ ಮುಖ ಬಾಡಿತು. ಅಂದು ರಾತ್ರಿ ಮಗಳಿಗೆ ಜೊಂಪು ಹತ್ತಿತ್ತು. ‘ಅಜ್ಜಿ, ನೀವು ಹಿಡಿದುಕೊಳ್ಳುತ್ತೀರಾ?’ ಎಂದೆ. ಅವರು ಉತ್ತರಿಸಲಿಲ್ಲ. ಕುಪ್ಪಸದ ಗಂಟು ಬಿಚ್ಚಿದರು. ಕೂಸನ್ನು ಕಪ್ಪೆಯ ಹಾಗೆ ಕೈಕಾಲು ಮಡಚಿ ಎದೆಯ ನಡುವೆ ಇಟ್ಟೆ. ಸೆರಗು ಹೊದ್ದು ಬೆಳಗಿನ ಜಾವದ ತನಕ ಅಲುಗಾಡದೆ ಕುಳಿತರು.

ಇಪ್ಪತ್ತೆರಡನೆಯ ದಿನ 1,820 ಗ್ರಾಂ. ತವರೂರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಕೂಸು ಬರುವ ದಿನ ತಿಳಿಸಿದೆ. ಅಜ್ಜಿ ಚೀಲದಿಂದ ಹಸಿರು ಕುಲಾವಿ ತೆಗೆದರು. ಕೂಸಿಗೆ ದೊಡ್ಡದಾಗುತ್ತದೆಂದು ಅದರ ಅಂಚನ್ನು ಎರಡು ಸಲ ಮಡಚಿ ಹೊಲಿದಿದ್ದರು.