180 ಸಾಕಾ, 200 ಬೇಕಾ?

ಎರಡು ತಿಂಗಳಿಂದ ತಲೆ ತಿಂದ ಪ್ರಶ್ನೆ ಇದು. ಟ್ರಯಲ್ ಮೇಲೆ, ಅಂದರೆ ಹಿಮದ ದಾರಿಗಳಲ್ಲಿ, ಓಡಿಸಲಿಕ್ಕೆ ಒಂದು ಟರ್ಬೊ ಸ್ನೋಮೊಬೈಲ್ ಬೇಕು: ಮುಂದೆ ಎರಡು ಸ್ಕೀ, ಹಿಂದೆ ಚಕ್ರದ ಬದಲು ಟ್ರ್ಯಾಕ್ ಅನ್ನುವ ರಬ್ಬರ್ ಪಟ್ಟಿ ಇರುವ ಗಾಡಿ. ಸೋಸಿ ಸೋಸಿ ಕೊನೆಗೆ ಉಳಿದದ್ದು ಎರಡು. ಒಂದು ಯಮಾಹಾ ಸೈಡ್‌ವೈಂಡರ್, ಇನ್ನೊಂದು 900 ಏಸ್ ಟರ್ಬೊ ಆರ್ ಎಂಜಿನ್ ಇರುವ ಸ್ಕೀ-ಡೂ ಎಂಎಕ್ಸ್‌ಝಡ್. ಎರಡೂ ಫೋರ್ ಸ್ಟ್ರೋಕ್, ಎರಡಕ್ಕೂ ಮೂರು ಸಿಲಿಂಡರ್. ಕಾಗದದ ಮೇಲೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ಹತ್ತಿ ಕೂತರೆ ಒಂದಕ್ಕೊಂದು ಪರಿಚಯವೇ ಇಲ್ಲ ಅನ್ನಿಸುತ್ತದೆ.

ಟೂ ಸ್ಟ್ರೋಕ್ ಟರ್ಬೊ ಯಾಕೆ ಬೇಡ ಅಂತ ಕೆಲವರು ಕೇಳಿದರು. ತೂಕ ಕಡಿಮೆ, ಒಪ್ಪಿದೆ. ಆದರೆ ನಾನು ದಿನಕ್ಕೆ ಮುನ್ನೂರು ಕಿಲೋಮೀಟರ್ ಓಡಿಸುವವನು, ಪೆಟ್ರೋಲ್ ಜೊತೆಗೆ ಆಯಿಲ್ ಡಬ್ಬಿಯನ್ನೂ ಹೊತ್ತುಕೊಂಡು ತಿರುಗುವ ಮನಸ್ಸಿಲ್ಲ. ಎತ್ತರದ ಬೆಟ್ಟಗಳಲ್ಲಿ ಗಾಳಿ ತೆಳು, ಅಲ್ಲಿ ಆ ಹಗುರ ಗಾಡಿಗೆ, ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವ ಟರ್ಬೊ ಸೇರಿದರೆ ಅದರ ಬೆಲೆ ಗೊತ್ತಾಗುತ್ತದೆ. ನನ್ನದು ಕಾಡಿನ ನಡುವಿನ ಸಪಾಟು ದಾರಿ.

ಮೊದಲು ಎಲ್ಲರೂ ಕೇಳುವ ವಿಷಯ, ಪವರ್. ಸ್ಕೀ-ಡೂದು 899 ಸಿಸಿ, ಕಂಪನಿಯೇ ಹೇಳುವಂತೆ 180 ಹಾರ್ಸ್‌ಪವರ್. ಸೈಡ್‌ವೈಂಡರ್‌ದು 998 ಸಿಸಿ, ಡೈನೋ (ಪವರ್ ಅಳೆಯುವ ಯಂತ್ರ) ಮೇಲೆ ಇಟ್ಟವರೆಲ್ಲ 200 ದಾಟುತ್ತದೆ ಅನ್ನುತ್ತಾರೆ. ಹೆಪ್ಪುಗಟ್ಟಿದ ಕೆರೆ ಮೇಲೆ ಥ್ರಾಟಲ್ ಪೂರ್ತಿ ಒತ್ತಿದರೆ ಈ ಇಪ್ಪತ್ತು ಚಿಲ್ಲರೆಯ ವ್ಯತ್ಯಾಸ ಕುತ್ತಿಗೆಗೇ ಗೊತ್ತಾಗುತ್ತದೆ. ಸೈಡ್‌ವೈಂಡರ್‌ನಲ್ಲಿ ಒಂದೊಂದು ಸಿಲಿಂಡರಿಗೂ ಒಂದೊಂದು ಥ್ರಾಟಲ್ ಬಾಡಿ (ಗಾಳಿ ಒಳಗೆ ಬಿಡುವ ಕವಾಟ) ಇದೆ, ಅದೂ ಎಂಜಿನ್‌ಗೆ ಅಂಟಿಕೊಂಡ ಹಾಗೆ, ಅದಕ್ಕೇ ಟರ್ಬೊ ಎದ್ದೇಳುವ ತನಕ ಕಾಯಬೇಕು ಅನ್ನುವ ತಕರಾರು ಇಲ್ಲವೇ ಇಲ್ಲ ಅನ್ನಬಹುದು. ಬೆರಳು ಒತ್ತಿದರೆ ಹೊರಟಿತು. ನಗು ತಡೆಯಲಿಕ್ಕೆ ಆಗುವುದಿಲ್ಲ, ಹೆಲ್ಮೆಟ್ ಒಳಗೆ ಹುಚ್ಚನ ಹಾಗೆ ನಕ್ಕಿದ್ದೇನೆ.

ಆದರೆ ಕೆರೆ ಎಷ್ಟು ಹೊತ್ತು ಸಿಗುತ್ತದೆ ಹೇಳಿ? ಅಮೆರಿಕದ ಮಿನ್ನೆಸೋಟದ ಟ್ರಯಲ್‌ಗಳಲ್ಲಿ ಗಂಟೆಗೆ 50 ಮೈಲಿ ಮಿತಿ, ಅಂದರೆ ಸುಮಾರು 80 ಕಿಲೋಮೀಟರ್. ಕೆನಡಾದ ಕ್ವಿಬೆಕ್‌ನಲ್ಲಿ 70 ಕಿಲೋಮೀಟರ್. ಎರಡೂ ಗಂಟೆಗೆ 160 ದಾಟುವ ಗಾಡಿಗಳೇ. 160ರಲ್ಲಿ ಒಂದು ಸೆಕೆಂಡಿಗೆ 44 ಮೀಟರ್ ಹೋಗಿರುತ್ತೇವೆ, ರಾತ್ರಿ ಹೆಡ್‌ಲೈಟ್ ಬೆಳಕು ಮುಗಿಯುವ ಜಾಗಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ನಾವೇ ಬಂದಿರುತ್ತೇವೆ. ಅಲ್ಲಿ ಜಿಂಕೆ ನಿಂತಿದ್ದರೆ 180 ಇದ್ದರೇನು, 200 ಇದ್ದರೇನು.

ಹಾಗಾಗಿ ನಾನು ನೋಡಲಿಕ್ಕೆ ಶುರು ಮಾಡಿದ್ದು ತಿರುವುಗಳನ್ನು. ಸ್ನೋಮೊಬೈಲ್ ತಿರುವಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು ಮುಂದಿನ ಸ್ಕೀಗಳ ಮೇಲೆ ಎಷ್ಟು ಭಾರ ಬೀಳುತ್ತದೆ ಅನ್ನುವುದರ ಮೇಲೆ ನಿಂತಿದೆ. ಥ್ರಾಟಲ್ ಕೊಟ್ಟರೆ ಭಾರ ಹಿಂದಕ್ಕೆ, ಸ್ಕೀ ಹಗುರ, ಗಾಡಿ ನೇರ ಹೋಗಲಿಕ್ಕೆ ನೋಡುತ್ತದೆ. ಬಿಟ್ಟರೆ ಭಾರ ಮುಂದಕ್ಕೆ, ಸ್ಕೀ ಕಚ್ಚುತ್ತದೆ. ಫೋರ್ ಸ್ಟ್ರೋಕಿನಲ್ಲಿ ಎಂಜಿನ್ ಬ್ರೇಕಿಂಗ್ ಜಾಸ್ತಿ, ಥ್ರಾಟಲ್ ಬಿಟ್ಟ ಕೂಡಲೇ ಯಾರೋ ಹಿಂದಿನಿಂದ ಜಾಕೆಟ್ ಹಿಡಿದು ಎಳೆದ ಹಾಗೆ ಆಗುತ್ತದೆ. ಇದನ್ನು ತಗ್ಗಿಸಲಿಕ್ಕೆಂದೇ ಯಮಾಹಾ ಒಂದು ವ್ಯವಸ್ಥೆ ಇಟ್ಟಿತ್ತು. ಇಷ್ಟಾದರೂ 998 ಎಂಜಿನ್ ಅಂದರೆ ಮೂಗಿನ ಮೇಲೆ ಭಾರ. ಉದ್ದನೆಯ, ಅಗಲವಾದ ತಿರುವಿನಲ್ಲಿ ಅದು ರೈಲಿನ ಹಾಗೆ ಹೋಗುತ್ತದೆ, ಮಜವಾಗಿರುತ್ತದೆ. ಮರಗಳ ನಡುವೆ ಎಡ, ಬಲ, ಎಡ, ಬಲ ಅಂತ ಬರತೊಡಗಿದರೆ ಒಂದು ಗಂಟೆಯಲ್ಲಿ ಭುಜ ಮಾತಾಡಲಿಕ್ಕೆ ಶುರು ಮಾಡುತ್ತದೆ. ಸ್ಕೀ-ಡೂ ಅಲ್ಲಿ ಸಲೀಸು. ನನಗಿಂತ ಮೊದಲು ಅದೇ ತಿರುಗಿರುತ್ತದೆ.

ಇನ್ನೊಂದು ವಿಷಯ, ಸ್ಕೀ-ಡೂದಲ್ಲಿ ಇಕೋ, ಸ್ಟ್ಯಾಂಡರ್ಡ್, ಸ್ಪೋರ್ಟ್ ಅಂತ ಮೂರು ಮೋಡ್ ಇವೆ. ಥ್ರಾಟಲ್‌ಗೆ ಕೇಬಲ್ ಇಲ್ಲ, ಎಲ್ಲ ಎಲೆಕ್ಟ್ರಾನಿಕ್. ಬೆಳಿಗ್ಗೆ ಮಂಜುಗಡ್ಡೆ ಹಿಡಿದ ದಾರಿಯಲ್ಲಿ ಸ್ಟ್ಯಾಂಡರ್ಡ್‌ನಲ್ಲಿ ಹಾಕಿಟ್ಟರೆ ಬೆರಳು ಸ್ವಲ್ಪ ನಡುಗಿದರೂ ಟ್ರ್ಯಾಕ್ ಸುಮ್ನೆ ಸುತ್ತುವುದಿಲ್ಲ. ಮೊದಮೊದಲು ಇದೆಲ್ಲ ಶೋಕಿ ಅಂದುಕೊಂಡಿದ್ದೆ. ಚಳಿಗೆ ಬೆರಳು ಮರಗಟ್ಟಿದ ದಿನ ಬುದ್ಧಿ ಬಂತು.

ಬಿಸಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಹೊಸಬರು ಇದನ್ನೇ ಮರೆಯುತ್ತಾರೆ. ಟ್ರ್ಯಾಕ್ ಎರಚುವ ಹಿಮ ಮೇಲಿರುವ ಹೀಟ್ ಎಕ್ಸ್‌ಚೇಂಜರಿಗೆ ಬಡಿಯುತ್ತದೆ, ಕೂಲಂಟ್ ತಣ್ಣಗಾಗುವುದು ಅದರಿಂದಲೇ. ಕೆಳಗಿನ ಪ್ಲಾಸ್ಟಿಕ್ ಸ್ಲೈಡುಗಳಿಗೆ ಜಾರಿಕೆ ಕೊಡುವುದೂ ಅದೇ ಹಿಮ. ದಾರಿ ಗಾಜಿನ ಹಾಗೆ ಗಟ್ಟಿಯಾಗಿದ್ದರೆ ಎರಚಲಿಕ್ಕೆ ಏನೂ ಇರುವುದಿಲ್ಲ, ಮೀಟರಿನಲ್ಲಿ ಬಿಸಿ ಏರುತ್ತಾ ಹೋಗುತ್ತದೆ. ಅದಕ್ಕೆ ಸ್ಕ್ರ್ಯಾಚರ್ ಇರಲೇಬೇಕು, ಎರಡು ತಂತಿ ಕಾಲುಗಳು, ಇಳಿಸಿದರೆ ಮಂಜುಗಡ್ಡೆ ಕೆರೆದು ಪುಡಿ ಮೇಲಕ್ಕೆಬ್ಬಿಸುತ್ತವೆ. ಯಾವ ಗಾಡಿ ತಗೊಂಡರೂ ಇದು ತಪ್ಪಿದ್ದಲ್ಲ. ಪವರ್ ಜಾಸ್ತಿ ಇದ್ದಷ್ಟೂ ಬಿಸಿಯೂ ಜಾಸ್ತಿ, ಅಷ್ಟೇ. ಜೋರಾಗಿ ಓಡಿಸಿ ಬಂದ ಮೇಲೆ ತಕ್ಷಣ ಆಫ್ ಮಾಡಬೇಡಿ, ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ. ಟರ್ಬೊ ಬೇರಿಂಗ್ ಕೆಂಡದ ಹಾಗೆ ಕಾದಿರುವಾಗ ಆಯಿಲ್ ನಿಂತರೆ ಅದು ಅಲ್ಲೇ ಸುಟ್ಟು ಕರಕಲಾಗುತ್ತದೆ.

ಇಷ್ಟೆಲ್ಲ ಆದಮೇಲೂ ಮನಸ್ಸು ಸೈಡ್‌ವೈಂಡರ್ ಕಡೆಗೇ ಎಳೆಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ನನ್ನ ಗೆಳೆಯ, ಹತ್ತು ವರ್ಷದಿಂದ ಯಮಾಹಾ ಬಿಟ್ಟು ಬೇರೆ ಮುಟ್ಟದವನು, "ಗುರು, ಆ ಎಂಜಿನ್ ನಿನಗಿಂತ ಜಾಸ್ತಿ ದಿನ ಬದುಕುತ್ತೆ ಕಣೋ" ಅಂದ. ಇರಬಹುದು. ಆದರೆ 1968ರಿಂದ ಸ್ನೋಮೊಬೈಲ್ ಮಾರುತ್ತಿದ್ದ ಯಮಾಹಾ, 2023ರಲ್ಲಿ ಈ ವ್ಯಾಪಾರವನ್ನೇ ಮುಚ್ಚುವುದಾಗಿ ಹೇಳಿತು. ಉತ್ತರ ಅಮೆರಿಕದಲ್ಲಿ 2025ರ ಮಾಡೆಲ್ ಕೊನೆ. ಸೈಡ್‌ವೈಂಡರ್‌ನ ಚಾಸಿಸ್ ಆರ್ಕ್ಟಿಕ್ ಕ್ಯಾಟ್ ಅನ್ನುವ ಇನ್ನೊಂದು ಸ್ನೋಮೊಬೈಲ್ ಕಂಪನಿಯದು, ಎಂಜಿನ್ ಯಮಾಹಾದ್ದು. ಆರ್ಕ್ಟಿಕ್ ಕ್ಯಾಟ್ ಕೂಡ 2025ರಲ್ಲಿ ಬೇರೆ ಮಾಲೀಕರ ಕೈಗೆ ಹೋಯಿತು. ಬಿಡಿಭಾಗ ಸಿಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಎಂಜಿನ್ ಗಟ್ಟಿ, ಗೊತ್ತಿದೆ. ಎಂಟು ವರ್ಷ ಬಿಟ್ಟು ಜನವರಿಯ ಶನಿವಾರ ಒಂದು ಸಸ್ಪೆನ್ಷನ್ ತೋಳು ಮುರಿದರೆ ಯಾರ ಬಾಗಿಲು ತಟ್ಟಲಿ ಅನ್ನುವುದು ನನ್ನ ತಲೆನೋವು. ಎಂಜಿನ್ ಕೈಕೊಡುವುದು ಅಪರೂಪ, ತೋಳು ಮರಕ್ಕೆ ಬಡಿಯುವುದು ಮಾಮೂಲು.

ಎರಡು ಗಾಡಿ ಇಡುವ ಯೋಗ ಇದ್ದರೆ, ಅಥವಾ ಮನೆ ಮುಂದೆಯೇ ದೊಡ್ಡ ಕೆರೆ ಇದ್ದರೆ, ಚೆನ್ನಾಗಿ ನೋಡಿಕೊಂಡ ಸೆಕೆಂಡ್ ಹ್ಯಾಂಡ್ ಸೈಡ್‌ವೈಂಡರ್ ಕಣ್ಣು ಮುಚ್ಚಿ ತಗೊಳ್ಳಿ. ಕ್ಲಚ್ ಬಿಚ್ಚಿಸಿ ನೋಡಿ, ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಪವರ್ ಜಾಸ್ತಿ ಬರುವ ಹಾಗೆ ಟ್ಯೂನ್ ಮಾಡಿಸಿದ್ದಾರಾ ಅಂತ ಎರಡು ಸಲ ಕೇಳಿ. ಆ ಗಾಡಿಗಳನ್ನು ಟ್ಯೂನ್ ಮಾಡಿಸದೆ ಬಿಟ್ಟವರು ಕಡಿಮೆ.

ನಾನು ಸ್ಕೀ-ಡೂ 900 ಗಾಡಿಗೇ ಅಡ್ವಾನ್ಸ್ ಕೊಟ್ಟು ಬಂದೆ. ಗೆಳೆಯ ಎರಡು ದಿನ ಮಾತಾಡಲಿಲ್ಲ. ಈಗ ಉಳಿದಿರುವ ಜಗಳ ಟ್ರ್ಯಾಕಿನದು: ಮಂಜುಗಡ್ಡೆ ಮೇಲೆ ಹಿಡಿತಕ್ಕೆ ಮೊಳೆ ಕೂರಿಸಿಯೇ ಬರುವ ಟ್ರ್ಯಾಕ್ ತಗೊಳ್ಳುವುದಾ, ಬರಿ ಟ್ರ್ಯಾಕ್ ತಗೊಂಡು ಆಮೇಲೆ ಉದ್ದ ಮೊಳೆ ನಾನೇ ಹೊಡೆಯುವುದಾ. ನೂರಿಪ್ಪತ್ತು ತೂತು ಕೊರೆಯುವ ಕೆಲಸ ನೆನೆಸಿಕೊಂಡರೆ ಉತ್ತರ ತಾನೇ ಬರುತ್ತದೆ ಅನ್ನಿಸುತ್ತಿದೆ.