ಫಾರ್ಟಿಟ್ಯೂಡ್ ವ್ಯಾಲಿಯಲ್ಲಿ ಒಂದು ಶನಿವಾರ: ಸಂಜೆ ನಾಲ್ಕರಿಂದ ನಡುರಾತ್ರಿ ದಾಟುವವರೆಗೆ

ಬ್ರಿಸ್ಬೇನ್‌ನಲ್ಲಿ ಕ್ಲಬ್ಬು, ಸಂಗೀತದ ಬಡಾವಣೆಯಾದ ಫಾರ್ಟಿಟ್ಯೂಡ್ ವ್ಯಾಲಿಗೆ ರಾತ್ರಿ ಹತ್ತಕ್ಕೆ ಹೋದವರಿಗೆ ದೀಪ, ಸರತಿ ಸಾಲು, ಸದ್ದು ಬಿಟ್ಟರೆ ಬೇರೇನೂ ಕಾಣದು. ಸಂಜೆ ನಾಲ್ಕಕ್ಕೇ ಹೋಗಬೇಕು. ಸೆಂಟ್ರಲ್ ನಿಲ್ದಾಣದಿಂದ ರೈಲಿನಲ್ಲಿ ಮುಂದಿನ ಸ್ಟಾಪ್, ಟಿಕೆಟ್ 50 ಸೆಂಟ್. ಬ್ರನ್ಸ್‌ವಿಕ್ ಬೀದಿಗೆ ಬಂದು ಹಳೆಯ ಕಟ್ಟಡಗಳ ಬುಡದಲ್ಲೇ ನಿಂತರೆ ಫುಟ್‌ಪಾತಿನ ಮೇಲಿನ ಚಾವಣಿ ಅಡ್ಡ ಬರುತ್ತದೆ. ರಸ್ತೆ ದಾಟಿ ಎದುರು ಬದಿಯಿಂದ ತಲೆಯೆತ್ತಿ ನೋಡಿ. ನೆಲಮಹಡಿ ಅಂಗಡಿಗಳ ಕೈಯಲ್ಲಿ ಮತ್ತೆ ಮತ್ತೆ ಬದಲಾಗಿದೆ, ಹಳೆಯ ಚಹರೆ ಉಳಿದಿರುವುದು ಮೇಲ್ಮಹಡಿಗಳಲ್ಲಿ.

1849ರಲ್ಲಿ ವಲಸಿಗರನ್ನು ಹೊತ್ತು ತಂದ ‘ಫಾರ್ಟಿಟ್ಯೂಡ್’ ಹಡಗಿನಿಂದ ಈ ಬಡಾವಣೆಗೆ ಹೆಸರು ಬಂತು. ಆ್ಯನ್ ಬೀದಿಯ ಮೂಲೆಯಲ್ಲಿರುವ ಎಂಪೈರ್ ಹೋಟೆಲ್ 1888ರದ್ದು, ವಿಕ್‌ಹ್ಯಾಮ್ ಹೋಟೆಲ್ 1885ರದ್ದು. ಎರಡನ್ನೂ ವಿನ್ಯಾಸ ಮಾಡಿದವರು ರಿಚರ್ಡ್ ಗೇಲಿ. ಮ್ಯಾಕ್‌ವರ್ಟರ್ಸ್ ಕಟ್ಟಡದ ಮೂಲೆ 1930–31ರ ಆರ್ಟ್ ಡೆಕೊ (ಆ ಕಾಲದ ಅಲಂಕಾರಿಕ ಶೈಲಿ) ಕೆಲಸ. ಅದರ ಬಣ್ಣದ ಟೆರಾಕೋಟಾ ಅಲಂಕಾರಕ್ಕೆ ಇಳಿಬಿಸಿಲು ಬಿದ್ದಾಗ ಹತ್ತು ನಿಮಿಷ ನಿಂತು ನೋಡಿದರೂ ನಷ್ಟವಿಲ್ಲ. ಸ್ವಲ್ಪ ಆಚೆ, ಕಾಸ್ಟಿನ್ ಬೀದಿಯ ಟಿವೊಲಿ ಈಗ ಸಂಗೀತ ಸಭಾಂಗಣ. 1917ರಲ್ಲಿ ಅದನ್ನು ಕಟ್ಟಿದ್ದು ಬೇಕರಿಯಾಗಿ.

ಒಂಬತ್ತರ ಮೇಲೆ ಹಳೆಯ ಕಿಟಕಿಯ ಕೆಳಗೆ ನಿಂತು ಕಿವಿಗೊಡಿ. ಹಾಡುವವರ ದನಿ ಗೋಡೆಯಲ್ಲೇ ಉಳಿದಿರುತ್ತದೆ, ಬಾಸ್, ಅಂದರೆ ಸಂಗೀತದ ತಗ್ಗು ಸ್ವರದ ಗುಡುಗು, ಮಾತ್ರ ಹೊರಗೆ ಬಂದಿರುತ್ತದೆ. ಗಾಜಿಗೆ ಅಂಗೈ ಇಟ್ಟರೆ ನಡುಕ ಗೊತ್ತಾಗುತ್ತದೆ. 63 ಹರ್ಟ್ಸ್, ಅಂದರೆ ಸೆಕೆಂಡಿಗೆ 63 ಬಾರಿ ಕಂಪಿಸುವ, ಬಾಸ್ ಸದ್ದಿನ ಅಲೆ ಸುಮಾರು ಐದೂವರೆ ಮೀಟರ್ ಉದ್ದ, ತೆಳುಗಾಜು ಅದಕ್ಕೆ ಲೆಕ್ಕಕ್ಕಿಲ್ಲ. ಅಳೆಯುವಾಗಲೂ ಇಲ್ಲೇ ಎಡವಟ್ಟಾಗುತ್ತದೆ: ಸದ್ದು ಅಳೆಯುವ ಉಪಕರಣವನ್ನು ತಗ್ಗು ಸದ್ದನ್ನು ಕಡಿಮೆ ಲೆಕ್ಕಕ್ಕೆ ಹಿಡಿಯುವ ‘ಎ’ ಮಾಪಕದಲ್ಲಿಟ್ಟರೆ 63 ಹರ್ಟ್ಸ್‌ನಲ್ಲಿ 26 ಡೆಸಿಬೆಲ್ ಕಡಿಮೆ ತೋರಿಸುತ್ತದೆ. ಕ್ಲಬ್ಬಿನ ಸದ್ದಿಗೆ ಬಾಸನ್ನು ಹೆಚ್ಚುಕಡಿಮೆ ಪೂರ್ತಿ ಎಣಿಸುವ ‘ಸಿ’ ಮಾಪಕವೇ ಸರಿ.

ಪಾರಂಪರಿಕ ಕಟ್ಟಡದ ಕಿಟಕಿಯನ್ನು ಕಿತ್ತು ಹೊಸದನ್ನು ಕೂರಿಸುವಂತಿಲ್ಲ. ಹಾಗಾಗಿ ಸದ್ದು ತಡೆಯಲು ಒಳಬದಿಯಲ್ಲಿ, ಹಳೆಯ ಚೌಕಟ್ಟನ್ನು ಮುಟ್ಟದೆ, ಬೇಕೆಂದಾಗ ಕಳಚಬಹುದಾದ ಎರಡನೇ ಗಾಜನ್ನು ಹಾಕುತ್ತಾರೆ. ಎರಡು ಗಾಜಿನ ನಡುವೆ 12 ಮಿ.ಮೀ. ಅಂತರವಿಟ್ಟರೆ ಬಾಸ್‌ಗೆ ಪ್ರಯೋಜನವಿಲ್ಲ. ನಡುವಿನ ಗಾಳಿ ಸ್ಪ್ರಿಂಗಿನಂತೆ ವರ್ತಿಸಿ ಗಾಜುಗಳೆರಡೂ ಕೂಡಿ ಕುಣಿಯುತ್ತವೆ. 200 ಮಿ.ಮೀ. ಅಂತರ ಬೇಕು, ಗಾಜಿನ ದಪ್ಪವೂ ಬೇರೆ ಬೇರೆ ಇರಬೇಕು, 6 ಮತ್ತು 10 ಮಿ.ಮೀ. ಇದ್ದಂತೆ. ಅದಕ್ಕೂ ಮೊದಲು ಸಂದಿಗಳನ್ನು ಮುಚ್ಚಬೇಕು. ಗೋಡೆಯ ನೂರರಲ್ಲೊಂದು ಭಾಗ ಬಿರುಕಿದ್ದರೂ ಸಾಕು, ಗೋಡೆ ಎಷ್ಟೇ ದಪ್ಪವಿರಲಿ, ತಡೆಯುವುದು 20 ಡೆಸಿಬೆಲ್ ಅಷ್ಟೇ. ಇಟ್ಟಿಗೆಯ ಸಂದು ತುಂಬಲು ಸಿಮೆಂಟು ಬಳಸುವುದು ದೊಡ್ಡ ತಪ್ಪು. ಸುಣ್ಣದ ಗಾರೆಯಾದರೆ ತೇವ ಹೊರಹೋಗುತ್ತದೆ. ಸಿಮೆಂಟು ಅದನ್ನು ತಡೆದು ಇಟ್ಟಿಗೆಯನ್ನೇ ಉದುರಿಸುತ್ತದೆ.

ವ್ಯಾಲಿ ಮಾಡಿದ ಅತ್ಯುತ್ತಮ ಕೆಲಸ 2006ರದ್ದು. ಬಡಾವಣೆಯನ್ನು ವಿಶೇಷ ಮನರಂಜನಾ ಪ್ರದೇಶವೆಂದು ಘೋಷಿಸಿ, ಹೊಸದಾಗಿ ಮನೆ ಕಟ್ಟುವವರೇ ಸದ್ದು ತಡೆಯುವ ಖರ್ಚು ಹೊರಬೇಕೆಂದು ನಿಯಮ ಮಾಡಿದರು. ಜೋರಾಗಿ ಸಂಗೀತ ನುಡಿಸುವ ಜಾಗಗಳು ನಗರಾಡಳಿತದ ಪರವಾನಗಿ ಪಡೆದು ಅದರ ಮಿತಿಯೊಳಗಿರಬೇಕು. ನಿನ್ನೆ ಬಂದು ನೆಲೆಸಿದವರ ದೂರಿಗೆ ಹಳೆಯ ವೇದಿಕೆ ಬಲಿಯಾಗದಂತೆ ಇದು ಕಾಯುತ್ತದೆ. ಆದರೆ ಖರ್ಚುವೆಚ್ಚದಿಂದ ಕಾಯಲಾರದು. 1992ರಲ್ಲಿ ಆ್ಯನ್ ಬೀದಿಯ ಮಹಡಿಯಲ್ಲಿ ಶುರುವಾದ ಸಂಗೀತ ತಾಣ ‘ದಿ ಝೂ’ 2024ರಲ್ಲಿ ಬಾಗಿಲು ಹಾಕಿತು. ನಿಜಕ್ಕೂ ನೋವಿನ ಸಂಗತಿ.

ಹತ್ತರ ನಂತರ, ನಡುರಾತ್ರಿ ಮೀರಿ ತೆರೆದಿರುವ ಜಾಗಗಳ ಬಾಗಿಲಲ್ಲಿ ಗುರುತಿನ ಚೀಟಿ ಸ್ಕ್ಯಾನ್ ಮಾಡುತ್ತಾರೆ. ಹೊರದೇಶದವರು ಮೂಲ ಪಾಸ್‌ಪೋರ್ಟ್ ತಂದರೆ ಒಳ್ಳೆಯದು, ಅದರ ಫೋಟೊ ಸಾಲದು. ಮದ್ಯ ಕೊಡುವುದು ಹೆಚ್ಚೆಂದರೆ ಮೂರರವರೆಗೆ. ಆಗ ಎಲ್ಲರೂ ಒಮ್ಮೆಗೇ ಬೀದಿಗಿಳಿಯುತ್ತಾರೆ, ಎರಡೂವರೆಗೇ ಹೊರಟರೆ ಟ್ಯಾಕ್ಸಿಗೆ ಕಾಯುವುದು ತಪ್ಪುತ್ತದೆ.