ಮುಟ್ಟಿದ್ರೆ ಮಾತ್ರ ಏಳುವ ಕ್ರಿಸ್ಟಲ್

"ಮುಟ್ಟಿದ್ರೆ ಏಳುತ್ತೆ ಸರ್, ಬಿಟ್ರೆ ಇಲ್ಲ."

ಸೋಮವಾರ ನಮ್ಮ ಟೀಮಿನ ಹುಡುಗಿ ಹೇಳಿದ ಈ ಮಾತು ಇನ್ನೂ ಕಿವಿಯಲ್ಲೇ ಇದೆ.

ಹತ್ತು ಸರ್ಕ್ಯೂಟ್ ಬೋರ್ಡ್‌ಗಳಲ್ಲಿ ಮೂರು ಕೈಕೊಟ್ಟಿದ್ದವು. ಆನ್ ಮಾಡಿದರೆ ಕೆಂಪು ಎಲ್‌ಇಡಿ ಮಿನುಗುತ್ತೆ, ಅಷ್ಟೇ. ಬೋರ್ಡ್‌ಗೆ ಕ್ಲಾಕ್, ಅಂದರೆ ತಾಳ, ಕೊಡುವುದು 32.768 ಕಿಲೋಹರ್ಟ್ಸ್‌ನ ಕ್ರಿಸ್ಟಲ್; ವಾಚ್‌ಗಳಲ್ಲೂ ಇರುವ, ಕಂಪಿಸುವ ಸ್ಫಟಿಕ. ನಾನು ಹೋಗಿ ಅದರ ಕಾಲಿಗೆ ಸ್ಕೋಪ್‌ನ (ವಿದ್ಯುತ್ ಅಲೆ ತೋರಿಸುವ ಯಂತ್ರ) ಪ್ರೋಬ್ ಮುಟ್ಟಿಸಿದೆ. ಕೂಡಲೇ ಸ್ಕೋಪ್ ಮೇಲೆ ಚೆಂದದ ಅಲೆ. "ಕ್ಲಾಕ್ ಸರಿಯಾಗೇ ಇದೆಯಲ್ಲಮ್ಮ, ಬೇರೆ ಕಡೆ ಹುಡುಕು" ಅಂದೆ. ಆಗ ಅವಳು ಹೇಳಿದ್ದು ಅದು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಪಾಪ, ಎರಡು ದಿನ ಬೆಸುಗೆ, ಪವರ್ ಸಪ್ಲೈ ಎಲ್ಲಾ ತಡಕಾಡಿದಳು.

ಬುಧವಾರ ದಾರಿ ತೋರಿಸಿದ್ದೂ ಅವಳೇ. ಫರ್ಮ್‌ವೇರ್‌ನಲ್ಲಿ (ಚಿಪ್‌ನೊಳಗಿನ ಪ್ರೋಗ್ರಾಂ) ಕಾಯುವ ಮಿತಿ ತೆಗೆದು, ಕ್ರಿಸ್ಟಲ್ ಹತ್ತಿರವೇ ಹೋಗದೆ, ಕ್ಲಾಕ್ ಹೊರಗೆ ಬರುವ ಚಿಪ್‌ನ ಕ್ಲಾಕ್ ಔಟ್ ಪಿನ್ ಮೇಲೆ ಪ್ರೋಬ್ ಇಟ್ಟಳು. ಸಪ್ಲೈ ಗೆರೆ ಮೇಲೆ ಏರಿತು. ಕ್ಲಾಕ್ ಗೆರೆ ಸಪಾಟು. ಒಂದು ಸೆಕೆಂಡ್. ಎರಡು. ಮೂರು. ನಾಲ್ಕು ಮುಗಿಯುವಾಗ ಪಲ್ಸ್ ಶುರುವಾಯಿತು. ನಮ್ಮ ಹಳೆ ಫರ್ಮ್‌ವೇರ್ ಒಂದೇ ಸೆಕೆಂಡ್ ಕಾದು, ಆಸಿಲೇಟರ್ (ಕ್ರಿಸ್ಟಲ್ ಕುಣಿಸುವ ಸರ್ಕ್ಯೂಟ್) ಆರಿಸಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಿತ್ತು. ಕೂಡಿದ್ದೆಲ್ಲ ಪ್ರತಿ ಸಲ ಸೊನ್ನೆ. ಪ್ರೋಬ್ ಮುಟ್ಟಿಸಿದಾಗ ಸಿಗುವ ಸಣ್ಣ ತಳ್ಳು ಸಾಕಾಗಿ ಅದು ಎದ್ದು ಬಿಡುತ್ತಿತ್ತು.

ಕ್ರಿಸ್ಟಲ್ ಆಂದೋಲನ ಶುರುವಾಗುವುದು ಬರೀ ನಾಯ್ಸ್‌ನಿಂದ, ಅಂದರೆ ಸರ್ಕ್ಯೂಟ್‌ನಲ್ಲಿ ಸದಾ ಇರುವ ಸಣ್ಣ ವಿದ್ಯುತ್ ಗದ್ದಲದಿಂದ. ಆ ಗದ್ದಲದಲ್ಲಿ ತನ್ನ ಆವರ್ತನವನ್ನಷ್ಟೇ ಹಿಡಿದುಕೊಂಡು, ಸುತ್ತು ಸುತ್ತಿಗೂ ಚೂರು ಚೂರು ಬೆಳೆಯಬೇಕು. ವಾಚ್ ಕ್ರಿಸ್ಟಲ್‌ನ ಒಳಗಿನ ಇಂಡಕ್ಟೆನ್ಸ್, ಅಂದರೆ ಒಂಥರಾ ಜಡತೆ, ಸಾವಿರಾರು ಹೆನ್ರಿ. ಅಷ್ಟು ನಿಖರವಾಗಿ ಸಮಯ ಹೇಳುವ ವಸ್ತು ಏಳುವುದು ನಿಧಾನವೇ. ಆಂಪ್ಲಿಫೈಯರ್ ಕೊಡುವ ನೆಗೆಟಿವ್ ರೆಸಿಸ್ಟೆನ್ಸ್ (ಕಂಪನವನ್ನು ತಳ್ಳುವ ಬಲ) ಕ್ರಿಸ್ಟಲ್‌ನ ಇಎಸ್‌ಆರ್‌ನ (ಕಂಪನವನ್ನು ತಡೆಯುವ ಒಳಗಿನ ರೆಸಿಸ್ಟೆನ್ಸ್) ಐದು ಪಟ್ಟಾದರೂ ಇರಲಿ ಅನ್ನುತ್ತಾರೆ. ನಮ್ಮಲ್ಲಿ ಅದು ಅಂಚಿನಲ್ಲಿತ್ತು. ಕಾರಣ, ಹಳೆ ಡಿಸೈನ್‌ನಿಂದ ಹಾಗೇ ತಂದ 22 ಪಿಕೋಫ್ಯಾರಡ್‌ನ ಎರಡು ಕೆಪಾಸಿಟರ್. ಅವು 12.5 ಪಿಕೋಫ್ಯಾರಡ್ ಲೋಡ್ (ಸುತ್ತಲಿನ ಒಟ್ಟು ಕೆಪಾಸಿಟೆನ್ಸ್) ಕೇಳುವ ಕ್ರಿಸ್ಟಲ್‌ಗೆ ಸರಿ. ಈಗಿನದು ಕೇಳುವುದು 7. ಕೆಪಾಸಿಟರ್ ದೊಡ್ಡದಾದಷ್ಟೂ ಆ ನೆಗೆಟಿವ್ ರೆಸಿಸ್ಟೆನ್ಸ್ ಕುಗ್ಗುತ್ತೆ.

ಮ್ಯಾನೇಜರ್ ಬಂದು, "ಟೈಮ್‌ಔಟ್ ಐದು ಸೆಕೆಂಡ್ ಮಾಡಿ ಕಳಿಸಿಬಿಡಿ" ಅಂದರು. ಒಳ್ಳೆ ಮನುಷ್ಯ, ಆದರೆ ಈ ಮಾತು ನನಗೆ ಸಿಟ್ಟು ತರಿಸಿತು. ಇವತ್ತು ನಾಲ್ಕು ಸೆಕೆಂಡಿಗೆ ಏಳುವ ಬೋರ್ಡ್, ಸ್ವಲ್ಪ ತೇವ ಸೇರಿದರೆ, ಬೆಸುಗೆಯ ಅಂಟು (ಫ್ಲಕ್ಸ್) ಉಳಿದಿದ್ದರೆ, ಏಳದೇ ಇರಬಹುದು. ಆಗ ಅದನ್ನು ಮುಟ್ಟಿ ಎಬ್ಬಿಸುವವರು ಯಾರು?

ಮತ್ತೆ ಮತ್ತೆ ಅದೇ ಮಾತಿಗೆ ಬರುತ್ತೇನೆ. ಮುಟ್ಟಿದ್ರೆ ಏಳುತ್ತೆ. ನಾನು ಪ್ರೋಬ್ ಹಿಡಿದು ನೋಡಿ "ಸರಿ ಇದೆ" ಅಂತ ಮುಚ್ಚಿದ ದೂರುಗಳು ಎಷ್ಟಿದ್ದವೋ. "ನೀವು ಬಂದಾಗ ಸರಿಯಾಗಿರುತ್ತೆ ಸರ್" ಅಂತ ಮೊದಲೂ ಕೆಲವರು ಹೇಳಿದ್ದಾರೆ. ಅದನ್ನು ನಾನು ಸಬೂಬು ಅಂದುಕೊಂಡಿದ್ದೆ. ಅವರು ಕಂಡಿದ್ದನ್ನೇ ಹೇಳುತ್ತಿದ್ದರು ಅಲ್ವಾ?

ಗುರುವಾರ ಅವಳು 10 ಪಿಕೋಫ್ಯಾರಡ್ ಕೆಪಾಸಿಟರ್ ಹಾಕಿದಳು. ಏಳುವ ತನಕ ಡ್ರೈವ್ (ಕ್ರಿಸ್ಟಲ್‌ಗೆ ಕೊಡುವ ತಳ್ಳು) ಜಾಸ್ತಿ, ಎದ್ದ ಮೇಲೆ ಕಮ್ಮಿ ಅಂತ ಫರ್ಮ್‌ವೇರ್ ಬದಲಿಸಿದಳು. ಈ ಕ್ರಿಸ್ಟಲ್‌ಗಳು ತಡೆಯುವುದು ಮೈಕ್ರೋವ್ಯಾಟ್ ಲೆಕ್ಕದ ಶಕ್ತಿ, ಹಾಗಾಗಿ ಇಳಿಸಲೇಬೇಕು. ಆನ್ ಮಾಡಿದಳು. ಅರ್ಧ ಸೆಕೆಂಡ್. ಆರಿಸಿ ಮತ್ತೆ ಆನ್. ಹೀಗೆ ಇಪ್ಪತ್ತು ಸಲ.

"ಸೋಮವಾರವೇ ಹೇಳಿದ್ದೆ ನೀನು, ನಾನೇ ಕೇಳಲಿಲ್ಲ" ಅಂದೆ.

"ಹೂಂ ಸರ್" ಅಂದು ಎರಡನೇ ಬೋರ್ಡ್ ಕೈಗೆತ್ತಿಕೊಂಡಳು.